ಚೊಚ್ಚಲ ಹೆರಿಗೆ, ಮೊದಲ ಹೊಲಿಗೆ

ಬೇಲೂರು ತಾಲ್ಲೂಕಿನ ಮಾದಿಹಳ್ಳಿ ಹೋಬಳಿಯಲ್ಲಿ ಒಬ್ಬಳು ಚೊಚ್ಚಲು ಬಸುರಿ ಇದ್ದಾಳೆ ಎಂದಿಟ್ಟುಕೊಳ್ಳಿ. ಗಂಡನ ಮನೆ ಬೆಂಗಳೂರಿನ ಪೀಣ್ಯದ ಕಡೆ. ಸೀಮಂತ ಮುಗಿಸಿಕೊಂಡು ತವರಿಗೆ ಬಂದಿದ್ದಾಳೆ. ದಿನ ತುಂಬಿದೆ. ರಾತ್ರಿ ಊಟದ ಹೊತ್ತಿಗೆ ಸೊಂಟದಲ್ಲಿ ಶುರುವಾದ ನೋವು ಬಿಟ್ಟು ಬಿಟ್ಟು ಬರುತ್ತಿದೆ. ಆಶಾ ಕಾರ್ಯಕರ್ತೆಗೆ ಫೋನು ಹೋಗುತ್ತದೆ, 108ಕ್ಕೂ ಹೋಗುತ್ತದೆ. ಇನ್ನು ಮನೆಯವರು ತೀರ್ಮಾನಿಸಬೇಕಾದದ್ದು ಎಲ್ಲಿಗೆ ಕರೆದುಕೊಂಡು ಹೋಗುವುದು ಎಂಬುದನ್ನು.

ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನರ್ಸ್ ಹೆರಿಗೆ ಮಾಡಿಸಬಲ್ಲರು, ಆದರೆ ಹೊಟ್ಟೆ ಕೊಯ್ಯಬೇಕಾಗಿ ಬಂದರೆ ಅಲ್ಲಿ ಆಗುವುದಿಲ್ಲ. ಬೇಲೂರಿನಲ್ಲಿ ತಾಲ್ಲೂಕು ಆಸ್ಪತ್ರೆ ಇದೆ. ಹಾಸನಕ್ಕೆ ಹೋದರೆ ಜನ ‘ಹಿಮ್ಸ್’ ಎನ್ನುವ ಸರ್ಕಾರಿ ವೈದ್ಯಕೀಯ ಕಾಲೇಜಿನ ದೊಡ್ಡಾಸ್ಪತ್ರೆ, ಅದರಾಚೆ ಖಾಸಗಿ ನರ್ಸಿಂಗ್ ಹೋಂಗಳು. ಈ ಹುಡುಗಿ ಹೇಗೆ ಹೆರುತ್ತಾಳೆ ಎಂಬುದನ್ನು ಅವಳ ಸೊಂಟದ ಅಳತೆ, ಮಗುವಿನ ತೂಕ ಎಷ್ಟು ನಿರ್ಧರಿಸುತ್ತವೆಯೋ, ಯಾವ ಬಾಗಿಲು ತಟ್ಟಿದಳು ಎಂಬುದೂ ಹೆಚ್ಚುಕಡಿಮೆ ಅಷ್ಟೇ ನಿರ್ಧರಿಸುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಸರ್ಕಾರಿ ಆಸ್ಪತ್ರೆಗಳಲ್ಲಿ ಶೇ 22.6 ಹೆರಿಗೆಗಳು ಸಿಸೇರಿಯನ್. ಖಾಸಗಿ ಆಸ್ಪತ್ರೆಗಳಲ್ಲಿ ಶೇ 52.5. ಎರಡು ಪಟ್ಟಿಗಿಂತ ಹೆಚ್ಚು. ಖಾಸಗಿಗೆ ಹೋಗುವವರಲ್ಲಿ ವಯಸ್ಸಾದವರು, ಸಕ್ಕರೆ ಕಾಯಿಲೆಯವರು ಹೆಚ್ಚಿರುತ್ತಾರೆ ಎಂಬ ಸಮಜಾಯಿಷಿ ಇದೆ. ಆದರೆ ರಾತ್ರೋರಾತ್ರಿ ಆಂಬುಲೆನ್ಸಿನಲ್ಲಿ ಹಾಕಿ ಕಳಿಸುವ ಕಠಿಣ ಹೆರಿಗೆಗಳು ಕೊನೆಗೆ ಬಂದು ಬೀಳುವುದು ಬಹುಪಾಲು ಸರ್ಕಾರಿ ದೊಡ್ಡಾಸ್ಪತ್ರೆಗಳಲ್ಲೇ. ಹಾಗಾಗಿ ಆ ಸಮಜಾಯಿಷಿ ಪೂರ್ತಿ ನಿಲ್ಲುವುದಿಲ್ಲ.

ಒಟ್ಟಾರೆ ರಾಜ್ಯದ ಲೆಕ್ಕ ಶೇ 31.5. ಅದಕ್ಕೆ ಐದು ವರ್ಷ ಹಿಂದಿನ ಸಮೀಕ್ಷೆಯಲ್ಲಿ ಶೇ 23.6 ಇತ್ತು. ದೇಶದ ಸರಾಸರಿ ಶೇ 21.5. ಪಕ್ಕದ ತೆಲಂಗಾಣದಲ್ಲಿ ಶೇ 60.7, ಅಂದರೆ ಐದು ಮಕ್ಕಳಲ್ಲಿ ಮೂರು ಆಪರೇಷನ್ ಥಿಯೇಟರಿನಲ್ಲಿ ಹುಟ್ಟುತ್ತವೆ. ಬಿಹಾರದಲ್ಲಿ ಶೇ 9.7, ನಾಗಾಲ್ಯಾಂಡಿನಲ್ಲಿ ಶೇ 5.2. ಜಗತ್ತನ್ನು ನೋಡಿದರೂ ಇದೇ ಚಿತ್ರ. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸಂಶೋಧಕರು 150ಕ್ಕೂ ಹೆಚ್ಚು ದೇಶಗಳ ಅಂಕಿಗಳನ್ನು ಒಟ್ಟು ಹಾಕಿದಾಗ ಸರಾಸರಿ ಶೇ 21 ಬಂತು. ಸಹಾರಾ ಮರುಭೂಮಿಯ ದಕ್ಷಿಣದ ಆಫ್ರಿಕಾದಲ್ಲಿ ಅದು ಶೇ 5, ಲ್ಯಾಟಿನ್ ಅಮೆರಿಕದಲ್ಲಿ ಶೇ 43ರ ಹತ್ತಿರ. ಬ್ರೆಜಿಲ್, ಈಜಿಪ್ಟ್, ಟರ್ಕಿ ಅರ್ಧದ ಗೆರೆ ದಾಟಿದ್ದವು. 1990ರ ಸುಮಾರಿಗೆ ಜಗತ್ತಿನ ಸರಾಸರಿ ಶೇ 7 ಇತ್ತು. ಮೂವತ್ತು ವರ್ಷದಲ್ಲಿ ಮೂರು ಪಟ್ಟು ಏರಿದೆ. ಹೆಂಗಸರ ಸೊಂಟದ ಮೂಳೆಯಂತೂ ಮೂವತ್ತು ವರ್ಷದಲ್ಲಿ ಬದಲಾಗಲಿಲ್ಲ.

ಹಾಗಾದರೆ ಸರಿಯಾದ ಪ್ರಮಾಣ ಯಾವುದು? 1985ರಲ್ಲಿ ಬ್ರೆಜಿಲ್‌ನ ಫೋರ್ಟಲೆಜಾದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸೇರಿಸಿದ್ದ ತಜ್ಞರು ಯಾವ ಪ್ರದೇಶದಲ್ಲೂ ಶೇ 10ರಿಂದ 15ಕ್ಕಿಂತ ಹೆಚ್ಚಿರಲು ಕಾರಣವಿಲ್ಲ ಎಂದರು. ಆ ಸಂಖ್ಯೆ ಮಂತ್ರದಂತೆ ಓಡಾಡಿತು. ಭಾಷಣಗಳಲ್ಲಿ, ಪತ್ರಿಕೆಯ ತಲೆಬರಹಗಳಲ್ಲಿ ಇಂದಿಗೂ ಓಡಾಡುತ್ತಿದೆ. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಮಾತನ್ನೇ ತಿದ್ದಿಕೊಂಡಿತು. ಒಂದು ಜನಸಮುದಾಯದಲ್ಲಿ ಸಿಸೇರಿಯನ್ ಶೇ 10ರವರೆಗೆ ಏರಿದಂತೆ ತಾಯಿ ಮಗುವಿನ ಸಾವು ಇಳಿಯುತ್ತದೆ. ಅದರಾಚೆ ಏರಿದರೆ ಸಾವು ಮತ್ತಷ್ಟು ಇಳಿದದ್ದು ಕಾಣುವುದಿಲ್ಲ. ಆದ್ದರಿಂದ ಸಂಖ್ಯೆಯೊಂದರ ಬೆನ್ನು ಹತ್ತುವುದು ಬಿಟ್ಟು, ಬೇಕಾದ ಪ್ರತಿಯೊಬ್ಬಳಿಗೂ ಆಪರೇಷನ್ ಸಿಗುವಂತೆ ನೋಡಿಕೊಳ್ಳಿ ಎಂದಿತು. ಈ ಎರಡನೇ ಮಾತು ನಮ್ಮಲ್ಲಿ ಅಷ್ಟಾಗಿ ಪ್ರಚಾರವಾಗಲಿಲ್ಲ.

ಬೇಕಾದವಳಿಗೆ ಸಿಗದಿದ್ದಾಗ ಏನಾಗುತ್ತದೆ ಎಂಬುದನ್ನು ಮರೆತವರು ಮಾತ್ರ ಸಿಸೇರಿಯನ್ನನ್ನು ಸಾರಾಸಗಟಾಗಿ ಬಯ್ಯಬಲ್ಲರು. ಅರಸೀಕೆರೆಯಾಚೆ, ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ಕೃಷ್ಣಾಪುರದಲ್ಲಿ ಸೂಲಗಿತ್ತಿ ನರಸಮ್ಮ ಇದ್ದರು. ಕಾಸು ಮುಟ್ಟದೆ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು. 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರ್ 25ರಂದು ತೀರಿಕೊಂಡರು. ಹೊಟ್ಟೆಯ ಮೇಲೆ ಕೈಯಿಟ್ಟು ಮಗುವಿನ ತಲೆ ಎಲ್ಲಿದೆ ಎಂದು ಹೇಳುವ ಆ ಕೈಗಳಿಗೆ ಕೈ ಮುಗಿಯಲೇಬೇಕು. ಆದರೆ ಸೂಲಗಿತ್ತಿಯರ ಕಾಲವೇ ಚೆನ್ನಾಗಿತ್ತು ಎನ್ನುವ ವಾಟ್ಸ್‌ಆ್ಯಪ್ ಬರಹಗಳನ್ನು ಓದಿದಾಗ ನನಗೆ ರೇಗುತ್ತದೆ. 2001–03ರಷ್ಟು ಈಚೆಗೂ ಕರ್ನಾಟಕದಲ್ಲಿ ಪ್ರತಿ ಲಕ್ಷ ಜೀವಂತ ಜನನಕ್ಕೆ 228 ತಾಯಂದಿರು ಸಾಯುತ್ತಿದ್ದರು. 2018–20ರ ಹೊತ್ತಿಗೆ ಅದು 69ಕ್ಕೆ ಇಳಿಯಿತು. ಈ ಇಳಿಕೆಗೆ ಆಸ್ಪತ್ರೆ ಹೆರಿಗೆ, 108, ರಕ್ತ ನಿಧಿ, ಆಶಾ ಎಲ್ಲವೂ ಸೇರಿ ಕಾರಣ. ಅವುಗಳ ನಡುವೆ ಸಮಯಕ್ಕೆ ಸಿಕ್ಕ ಸಿಸೇರಿಯನ್ನೂ ಇದೆ. ಮಗು ಅಡ್ಡ ನಿಂತಿದ್ದರೆ, ಮಾಸು ಗರ್ಭದ ಬಾಯಿಯನ್ನೇ ಮುಚ್ಚಿಕೊಂಡು ಕೂತಿದ್ದರೆ, ಹೊಕ್ಕುಳಬಳ್ಳಿ ಮಗುವಿಗಿಂತ ಮೊದಲೇ ಜಾರಿ ಹೊರಬಂದಿದ್ದರೆ, ಎಂಥ ಪಳಗಿದ ಕೈಯೂ ಏನೂ ಮಾಡಲಾರದು.

ಆಪರೇಷನ್ ಎಂದರೆ ಒಳಗೆ ಏನು ನಡೆಯುತ್ತದೆ? ಬೆನ್ನುಮೂಳೆಯ ಸಂದಿಗೆ ಕೂದಲೆಳೆಯಂಥ ಸೂಜಿಯಿಂದ ಅರಿವಳಿಕೆ ಕೊಡುತ್ತಾರೆ. ಸೊಂಟದ ಕೆಳಗೆ ಮರಗಟ್ಟುತ್ತದೆ, ತಾಯಿಗೆ ಎಚ್ಚರ ಇರುತ್ತದೆ. (ಮುಂದೆ ಹತ್ತು ವರ್ಷ ಕಾಡುವ ಬೆನ್ನುನೋವಿಗೆಲ್ಲ ಈ ಇಂಜೆಕ್ಷನ್ನೇ ಕಾರಣ ಎಂಬುದು ಮನೆಮನೆಯ ನಂಬಿಕೆ. ಅಧ್ಯಯನಗಳಲ್ಲಿ ಅದಕ್ಕೆ ಆಧಾರ ಸಿಕ್ಕಿಲ್ಲ. ಮಗು ಎತ್ತುವುದು, ಬಗ್ಗಿ ಹಾಲೂಡುವುದು, ಸಡಿಲಗೊಂಡ ಹೊಟ್ಟೆಯ ಸ್ನಾಯು ಇವೇ ಸಾಕು ಬೆನ್ನು ನೋಯಲು.) ಆಮೇಲೆ ಚರ್ಮ, ಕೊಬ್ಬು, ಅದರಡಿಯ ಗಟ್ಟಿ ಪೊರೆ. ಹೊಟ್ಟೆಯ ಉದ್ದ ಸ್ನಾಯುಗಳನ್ನು ಕತ್ತರಿಸುವುದಿಲ್ಲ, ಎರಡೂ ಬದಿಗೆ ಸರಿಸುತ್ತಾರೆ. ಮೂತ್ರಕೋಶವನ್ನು ಮೆಲ್ಲಗೆ ಕೆಳಗೆ ತಳ್ಳಿ ಗರ್ಭಕೋಶದ ಕೆಳಭಾಗದಲ್ಲಿ ಅಡ್ಡ ಗೀರು ಹಾಕುತ್ತಾರೆ. ಮಗು ಹೊರಬರುವುದು ನಿಮಿಷಗಳ ಮಾತು. ಉಳಿದ ಮುಕ್ಕಾಲು ಗಂಟೆಯ ಬಹುಭಾಗ ಪದರ ಪದರವಾಗಿ ಹೊಲಿಯುವುದಕ್ಕೆ ಹೋಗುತ್ತದೆ.

ಆ ಅಡ್ಡ ಗೀರಿಗೂ ಚರಿತ್ರೆ ಇದೆ. ಹತ್ತೊಂಬತ್ತನೇ ಶತಮಾನದ ಕೊನೆಯವರೆಗೂ ಗರ್ಭಕೋಶಕ್ಕೆ ಹೊಲಿಗೆ ಹಾಕುವ ಪದ್ಧತಿಯೇ ನೆಲೆಯೂರಿರಲಿಲ್ಲ. ತಾಯಿ ಬದುಕುವುದು ಅಪರೂಪವಾಗಿತ್ತು. 1882ರಲ್ಲಿ ಜರ್ಮನಿಯ ಮ್ಯಾಕ್ಸ್ ಸ್ಯಾಂಗರ್ ಹೊಲಿಗೆಯ ಕ್ರಮ ತೋರಿಸಿದರು. ಆಗಲೂ ಕೊಯ್ಯುತ್ತಿದ್ದುದು ಮೇಲಿಂದ ಕೆಳಕ್ಕೆ, ಗರ್ಭಕೋಶದ ದಪ್ಪ ಭಾಗದಲ್ಲಿ. ಅಲ್ಲಿ ರಕ್ತ ಹೆಚ್ಚು ಹೋಗುತ್ತದೆ, ಮುಂದಿನ ಬಸಿರಿನ ನೋವಿಗೆ ಆ ಗಾಯ ಬಾಯಿ ಬಿಡುತ್ತದೆ. 1920ರ ದಶಕದಲ್ಲಿ ಗ್ಲಾಸ್ಗೋದ ಮನ್ರೋ ಕೆರ್ ಕೆಳಭಾಗದ ತೆಳುವಾದ ಗೋಡೆಯಲ್ಲಿ ಅಡ್ಡಡ್ಡ ಕೊಯ್ಯುವ ರೀತಿಯನ್ನು ಪಟ್ಟು ಹಿಡಿದು ಪ್ರಚಾರ ಮಾಡಿದರು. ಇಂದು ಜಗತ್ತಿನಾದ್ಯಂತ ನಡೆಯುವುದು ಬಹುಮಟ್ಟಿಗೆ ಅದೇ. ಹೊಟ್ಟೆಯ ಚರ್ಮದ ಮೇಲಿನ ಗಾಯ ಅಡ್ಡಕ್ಕಿದೆ ಎಂದ ಮಾತ್ರಕ್ಕೆ ಒಳಗೆ ಗರ್ಭಕೋಶದ ಗಾಯವೂ ಅಡ್ಡಕ್ಕಿದೆ ಎನ್ನುವಂತಿಲ್ಲ ಎಂಬುದನ್ನು ನೆನಪಿಟ್ಟುಕೊಳ್ಳಿ.

ಇಷ್ಟಾದರೂ ಇದು ದೊಡ್ಡ ಶಸ್ತ್ರಚಿಕಿತ್ಸೆಯೇ. ಆಫ್ರಿಕಾದ 22 ದೇಶಗಳ ಆಸ್ಪತ್ರೆಗಳಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸಿಸೇರಿಯನ್ ಆದ ಸುಮಾರು 200 ತಾಯಂದಿರಲ್ಲಿ ಒಬ್ಬರು ಸತ್ತಿದ್ದರು. ಶ್ರೀಮಂತ ದೇಶಗಳಿಗೆ ಹೋಲಿಸಿದರೆ ಐವತ್ತು ಪಟ್ಟು ಹೆಚ್ಚು. ನಮ್ಮಲ್ಲೂ 2024ರ ನವೆಂಬರಿನಲ್ಲಿ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ಸತ್ತರು. ಅನುಮಾನ ಬಿದ್ದದ್ದು ರಕ್ತನಾಳಕ್ಕೆ ಏರಿಸಿದ್ದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ. ಆ ಗಲಾಟೆಯ ನಂತರ ರಾಜ್ಯ ಆರೋಗ್ಯ ಇಲಾಖೆ 2024ರ ಏಪ್ರಿಲ್‌ನಿಂದ ಡಿಸೆಂಬರ್‌ವರೆಗಿನ 464 ತಾಯಂದಿರ ಸಾವುಗಳನ್ನು ಪರಿಶೀಲಿಸಿತು. ಶೇ 70ಕ್ಕೂ ಹೆಚ್ಚು ಸಾವುಗಳನ್ನು ತಡೆಯಬಹುದಿತ್ತು ಎಂಬುದು ಅದರ ತೀರ್ಮಾನ. ಸತ್ತವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಸಿಸೇರಿಯನ್ ಆಗಿತ್ತು. ಈ ಕೊನೆಯ ವಾಕ್ಯವನ್ನು ಹುಷಾರಾಗಿ ಓದಬೇಕು. ರಕ್ತದೊತ್ತಡ ಏರಿ, ರಕ್ತಸ್ರಾವವಾಗಿ ಆಗಲೇ ಅಪಾಯದಲ್ಲಿದ್ದವರನ್ನೇ ಥಿಯೇಟರಿಗೆ ಒಯ್ಯುವುದು. ಆದ್ದರಿಂದ ಆಪರೇಷನ್ನೇ ಕೊಂದಿತು ಎಂದು ಆ ಅಂಕಿಯಿಂದ ಹೇಳಲಾಗದು.

ಶೇಕಡಾವಾರು ಲೆಕ್ಕದ ದೊಡ್ಡ ದೋಷವೇ ಇದು. ಯಾರಿಗೆ ಆಯಿತು ಎಂಬುದನ್ನು ಅದು ಹೇಳುವುದಿಲ್ಲ. ಎರಡು ಆಸ್ಪತ್ರೆಗಳಲ್ಲೂ ಶೇ 35 ಇರಬಹುದು; ಒಂದರಲ್ಲಿ ಎಲ್ಲವೂ ಅವಳಿ ಮಕ್ಕಳು, ಅಡ್ಡ ಮಕ್ಕಳು, ಹಳೆಯ ಹೊಲಿಗೆಯವರು, ಇನ್ನೊಂದರಲ್ಲಿ ಆರೋಗ್ಯವಾಗಿದ್ದ ಇಪ್ಪತ್ತೆರಡರ ಹುಡುಗಿಯರು. ಐರ್ಲೆಂಡಿನ ಡಬ್ಲಿನ್‌ನ ವೈದ್ಯ ಮೈಕೆಲ್ ರಾಬ್ಸನ್ 2001ರಲ್ಲಿ ಇದಕ್ಕೊಂದು ಸರಳ ದಾರಿ ತೋರಿಸಿದರು. ಇದು ಎಷ್ಟನೇ ಹೆರಿಗೆ, ಹಿಂದೆ ಸಿಸೇರಿಯನ್ ಆಗಿತ್ತೇ, ನೋವು ತಾನಾಗಿ ಬಂತೇ ಅಥವಾ ಬರಿಸಿದರೇ, ಎಷ್ಟು ವಾರ ತುಂಬಿದೆ, ಮಗು ಹೇಗೆ ನಿಂತಿದೆ, ಒಂದೋ ಎರಡೋ ಎಂದು ಕೇಳಿ ಎಲ್ಲ ಹೆರಿಗೆಗಳನ್ನೂ ಹತ್ತು ಗುಂಪು ಮಾಡಿದರು. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನೇ ಜಾಗತಿಕ ಮಾನದಂಡವೆಂದು ಒಪ್ಪಿತು. ನಮ್ಮ ಮಾದಿಹಳ್ಳಿಯ ಹುಡುಗಿ ಒಂದನೇ ಗುಂಪಿನವಳು: ಚೊಚ್ಚಲು, ದಿನ ತುಂಬಿದೆ, ಒಂದೇ ಮಗು, ತಲೆ ಕೆಳಗಿದೆ, ನೋವು ತಾನಾಗಿ ಬಂದಿದೆ. ಹತ್ತು ಗುಂಪಿನಲ್ಲಿ ಕಡಿಮೆ ಆಪರೇಷನ್ ಆಗಬೇಕಾದ ಗುಂಪುಗಳಲ್ಲಿ ಇದೊಂದು.

ಇವಳಿಗೆ ಈ ರಾತ್ರಿ ಹೊಟ್ಟೆ ಕೊಯ್ದರೆ, ಎರಡನೇ ಬಸಿರಿಗೆ ಅವಳು ಐದನೇ ಗುಂಪಿಗೆ ಸೇರುತ್ತಾಳೆ, ಹಳೆಯ ಹೊಲಿಗೆಯವಳಾಗುತ್ತಾಳೆ. ಅಲ್ಲಿಂದ ಮತ್ತೆ ಆಪರೇಷನ್ ಆಗುವುದೇ ಹೆಚ್ಚು. ಒಂದು ರಾಜ್ಯದ ಸಿಸೇರಿಯನ್ ಪ್ರಮಾಣ ವರ್ಷದಿಂದ ವರ್ಷಕ್ಕೆ ಏರುತ್ತಾ ಹೋಗುವುದರ ಗುಟ್ಟು ಇಲ್ಲಿದೆ. ಆದ್ದರಿಂದ ‘ಕಡಿಮೆ ಮಾಡಬೇಕು’ ಎನ್ನುವವರು ಎಲ್ಲ ಹೆರಿಗೆಗಳ ಮೇಲೂ ಕಣ್ಣಿಡಬೇಕಾಗಿಲ್ಲ. ಚೊಚ್ಚಲ ಹೆರಿಗೆಯ ರಾತ್ರಿಯನ್ನು ನೋಡಿದರೆ ಸಾಕು.

ಆ ರಾತ್ರಿ ನಿಜವಾಗಿ ಬೇಕಾಗುವುದು ಹೊತ್ತು. 1955ರಲ್ಲಿ ನ್ಯೂಯಾರ್ಕಿನ ಇಮ್ಯಾನುಯೆಲ್ ಫ್ರೀಡ್‌ಮನ್ 500 ಚೊಚ್ಚಲು ಹೆಂಗಸರ ಹೆರಿಗೆಯನ್ನು ಗ್ರಾಫ್ ಹಾಳೆಯ ಮೇಲೆ ಗುರುತಿಸಿದರು. 1972ರಲ್ಲಿ ಆಗಿನ ರೊಡೇಷಿಯಾದಲ್ಲಿ ಫಿಲ್ಪಾಟ್ ಮತ್ತು ಕ್ಯಾಸಲ್ ಅದಕ್ಕೆ ಎಚ್ಚರಿಕೆಯ ಗೆರೆಯೊಂದನ್ನು ಎಳೆದರು. ದೂರದ ಹಳ್ಳಿಯ ದಾದಿಗೆ ಯಾವಾಗ ದೊಡ್ಡಾಸ್ಪತ್ರೆಗೆ ಕಳಿಸಬೇಕೆಂದು ಗೊತ್ತಾಗಲಿ ಎಂಬುದು ಅವರ ಉದ್ದೇಶ. ಮಾದಿಹಳ್ಳಿಯಂಥ ಊರುಗಳಿಗೇ ಹೇಳಿ ಮಾಡಿಸಿದ್ದು. ಕ್ರಮೇಣ ಆ ಗೆರೆಯೇ ಕಟ್ಟಳೆಯಾಯಿತು. ಗರ್ಭದ ಬಾಯಿ ಬಸ್ಸಿನ ವೇಳಾಪಟ್ಟಿಯಂತೆ ಗಂಟೆಗೊಂದು ಸೆಂಟಿಮೀಟರ್ ತೆರೆಯಬೇಕು, ಇಲ್ಲದಿದ್ದರೆ ‘ಹೆರಿಗೆ ಮುಂದುವರಿಯುತ್ತಿಲ್ಲ’ ಎಂದು ಕೇಸ್ ಶೀಟಿನಲ್ಲಿ ಬರೆದು ಥಿಯೇಟರಿಗೆ. 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದು ತಪ್ಪು ಎಂದಿತು. ಎಷ್ಟೋ ಆರೋಗ್ಯವಂತ ಹೆಂಗಸರಿಗೆ ಆ ವೇಗ ಬರುವುದೇ ಇಲ್ಲ. ಜೋರಿನ ಹಂತ ಶುರುವಾಗುವುದು 5 ಸೆಂಟಿಮೀಟರಿನಿಂದ. ಅಲ್ಲಿಂದ ಪೂರ್ತಿ ತೆರೆಯಲು ಚೊಚ್ಚಲಲ್ಲಿ 12 ಗಂಟೆಯವರೆಗೂ ಹಿಡಿಯಬಹುದು. ತಾಯಿ ಮಗು ಚೆನ್ನಾಗಿದ್ದರೆ ಕಾಯಿರಿ ಎಂದಿತು. 2020ರಲ್ಲಿ ಹಳೆಯ ಗ್ರಾಫಿನ ಬದಲು ‘ಲೇಬರ್ ಕೇರ್ ಗೈಡ್’ ಎಂಬ ಹೊಸ ಹಾಳೆಯನ್ನೇ ಕೊಟ್ಟಿತು. ಅದರಲ್ಲಿ ಸೆಂಟಿಮೀಟರಿನ ಜೊತೆಗೆ, ಜೊತೆಯಲ್ಲಿ ಯಾರಾದರೂ ಇದ್ದಾರೆಯೇ, ನೀರು ಕುಡಿದಳೇ, ಹೇಗೆ ಮಲಗಿದ್ದಾಳೆ ಎಂದೂ ಬರೆಯಬೇಕು.

ಈ ಹಾಳೆಯನ್ನು ನಮ್ಮಲ್ಲೇ ಪರೀಕ್ಷಿಸಿದ್ದಾರೆ. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ಸಂಶೋಧಕರು ಇದ್ದ ತಂಡವೊಂದು ಭಾರತದ 4 ಆಸ್ಪತ್ರೆಗಳಲ್ಲಿ ಅದನ್ನು ಬಳಕೆಗೆ ತಂದು, 2024ರಲ್ಲಿ ‘ನೇಚರ್ ಮೆಡಿಸಿನ್’ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿತು. ಅವರು ಮುಖ್ಯವಾಗಿ ಅಳೆದದ್ದು ರಾಬ್ಸನ್ ಒಂದನೇ ಗುಂಪನ್ನೇ. ಆ ಗುಂಪಿನಲ್ಲಿ ಸಿಸೇರಿಯನ್ ಶೇ 45ರಿಂದ ಶೇ 40ರ ಹತ್ತಿರಕ್ಕೆ ಇಳಿಯಿತು. ಸಂಖ್ಯಾಶಾಸ್ತ್ರದ ಕಟ್ಟುನಿಟ್ಟಿನಲ್ಲಿ ಈ ಇಳಿಕೆ ಹಾಳೆಯಿಂದಲೇ ಆದದ್ದು ಎಂದು ಖಚಿತವಾಗಿ ಹೇಳಲಾಗಲಿಲ್ಲ. ನನಗೆ ಇಳಿಕೆಗಿಂತ ಹೆಚ್ಚು ಗಾಬರಿ ಹುಟ್ಟಿಸಿದ್ದು ಆರಂಭದ ಅಂಕಿ: ಯಾವ ತೊಡಕೂ ಇಲ್ಲದೆ ನೋವು ತಿನ್ನುತ್ತಾ ಬಂದ ಚೊಚ್ಚಲು ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಆಪರೇಷನ್.

ಇದಕ್ಕೆಲ್ಲ ದುಡ್ಡಿನಾಸೆಯೇ ಕಾರಣ ಎಂದು ಬಸ್ ಸ್ಟ್ಯಾಂಡಿನಲ್ಲಿ ತೀರ್ಪು ಕೊಡುವುದು ಸುಲಭ. ಖಾಸಗಿಯಲ್ಲಿ ಅದು ಇಲ್ಲವೇ ಇಲ್ಲ ಎನ್ನಲು ನಾನೂ ತಯಾರಿಲ್ಲ. ಆದರೆ ಸಣ್ಣ ಊರಿನ ಆಸ್ಪತ್ರೆಯೊಂದರ ಒಳಗೆ ನಿಂತು ನೋಡಿ. ಹೆರಿಗೆ ತಜ್ಞೆ ಒಬ್ಬರೇ. ಅರಿವಳಿಕೆ ವೈದ್ಯರು ಇನ್ನೊಂದು ಊರಿನಿಂದ ಬರಬೇಕು, ಸಂಜೆ ಆರರ ಮೇಲೆ ಬರುತ್ತಾರೋ ಇಲ್ಲವೋ. ರಕ್ತ ಬೇಕಾದರೆ ಜಿಲ್ಲಾ ಕೇಂದ್ರಕ್ಕೆ ಓಡಬೇಕು. ಮಧ್ಯರಾತ್ರಿ ಮಗುವಿನ ಎದೆಬಡಿತ ಬಿದ್ದರೆ ಅರ್ಧ ಗಂಟೆಯಲ್ಲಿ ಮಗುವನ್ನು ತೆಗೆಯಬೇಕು. ಆಗದಿದ್ದರೆ ಬಾಗಿಲಲ್ಲಿ ಗಾಜು ಒಡೆಯುತ್ತದೆ. ವೈದ್ಯರ ಮೇಲಿನ ಹಲ್ಲೆ ತಡೆಯಲು 2009ರಲ್ಲಿ ಕರ್ನಾಟಕ ಪ್ರತ್ಯೇಕ ಕಾನೂನನ್ನೇ ಮಾಡಬೇಕಾಗಿ ಬಂದದ್ದು ಸುಮ್ಮನೆ ಅಲ್ಲ. ಹೀಗಿರುವಾಗ ಆ ತಜ್ಞೆ ಮಧ್ಯಾಹ್ನ ಮೂರಕ್ಕೇ ‘ಆಪರೇಷನ್ ಮಾಡಿಬಿಡೋಣ’ ಎಂದರೆ ಅದು ಲೋಭವಲ್ಲ, ಭಯ. ಬೇಲೂರು, ಅರಸೀಕೆರೆಯಂಥ ತಾಲ್ಲೂಕು ಕೇಂದ್ರಗಳಲ್ಲಿ ರಾತ್ರಿಯಿಡೀ ಅರಿವಳಿಕೆ ವೈದ್ಯರು ಮತ್ತು ರಕ್ತ ಸಿಗುವಂತಿದ್ದರೆ ಅನಗತ್ಯ ಸಿಸೇರಿಯನ್ ಕಡಿಮೆಯಾಗುತ್ತದೆ ಎಂಬ ಮಾತು ಮೊದಲಿಗೆ ವಿಚಿತ್ರವಾಗಿ ಕೇಳಿಸಬಹುದು. ಬೇಕಾದಾಗ ಆಪರೇಷನ್ ಮಾಡಬಲ್ಲೆ ಎಂಬ ಧೈರ್ಯ ಇದ್ದವರು ಮಾತ್ರ ಕಾಯಬಲ್ಲರು.

ಮನೆಯವರ ಪಾಲೂ ಇದೆ. ನೋವು ತಿನ್ನುವ ಮಗಳನ್ನು ನೋಡಲಾಗದೆ ‘ಕೊಯ್ದಾದರೂ ತೆಗೀರಿ’ ಎನ್ನುವ ತಾಯಿ, ನಕ್ಷತ್ರ ನೋಡಿ ಹೊತ್ತು ಗೊತ್ತು ಮಾಡಿಕೊಂಡು ಬರುವ ಮಾವ. 2024ರ ಜನವರಿ 22ರಂದು, ಅಯೋಧ್ಯೆಯ ಪ್ರಾಣಪ್ರತಿಷ್ಠೆಯ ದಿನವೇ ಸಿಸೇರಿಯನ್ ಮಾಡಿ ಎಂದು ಬಸುರಿಯರು ಕೇಳಿಕೊಂಡ ಸುದ್ದಿ ಉತ್ತರ ಪ್ರದೇಶದಿಂದ ಬಂದಿತ್ತು. ಮುಹೂರ್ತಕ್ಕೆಂದು 39 ವಾರಕ್ಕೆ ಮುಂಚೆ ತೆಗೆದ ಮಗುವಿನ ಶ್ವಾಸಕೋಶದಲ್ಲಿ ನೀರು ಇಂಗದೆ ಉಳಿದು, ಅದು ಏದುಸಿರು ಬಿಡುವ ಸಂಭವ ಹೆಚ್ಚು. ಇನ್ನು ಸ್ಕ್ಯಾನಿಂಗ್ ವರದಿ. ‘ಕರುಳುಬಳ್ಳಿ ಕತ್ತಿಗೆ ಸುತ್ತಿಕೊಂಡಿದೆಯಂತೆ’ ಎಂಬ ಒಂದು ಮಾತಿಗೆ ಇಡೀ ಮನೆ ನಡುಗುತ್ತದೆ. ಐದಾರು ಮಕ್ಕಳಲ್ಲಿ ಒಂದಕ್ಕಾದರೂ ಬಳ್ಳಿ ಸುತ್ತಿಕೊಂಡೇ ಇರುತ್ತದೆ, ಬಹುಪಾಲು ಮಕ್ಕಳು ಹಾಗೇ ಸಹಜವಾಗಿ ಹುಟ್ಟುತ್ತವೆ. ಎದೆಬಡಿತ ಸರಿಯಿದ್ದರೆ ಅದೊಂದೇ ಆಪರೇಷನ್ನಿಗೆ ಕಾರಣವಲ್ಲ.

ಎದೆಬಡಿತ ನೋಡುವುದರಲ್ಲೂ ಒಂದು ಸೂಕ್ಷ್ಮ ಇದೆ. ಹೊಟ್ಟೆಗೆ ಪಟ್ಟಿ ಬಿಗಿದು ಯಂತ್ರದಿಂದ ಸತತವಾಗಿ ಗೀಚಿಸುವುದು, ನರ್ಸ್ ಆಗಾಗ ಬಂದು ಕೇಳುವುದು ಎರಡನ್ನೂ ಹೋಲಿಸಿದ ಪ್ರಯೋಗಗಳಲ್ಲಿ, ಯಂತ್ರ ಹಾಕಿದವರಲ್ಲಿ ನವಜಾತ ಶಿಶುವಿನ ಫಿಟ್ಸ್ ಕಡಿಮೆಯಾಯಿತು, ಆದರೆ ಮಿದುಳಿನ ಶಾಶ್ವತ ತೊಂದರೆ ಕಡಿಮೆಯಾಗಲಿಲ್ಲ. ಸಿಸೇರಿಯನ್ ಮಾತ್ರ ಹೆಚ್ಚಾಯಿತು. ಅದೇ, ನೋವಿನುದ್ದಕ್ಕೂ ಪಕ್ಕದಲ್ಲಿ ಒಬ್ಬ ನಂಬಿಕೆಯ ಹೆಂಗಸು ಕೂತಿದ್ದರೆ ಸಿಸೇರಿಯನ್ ಕಡಿಮೆಯಾಗುತ್ತದೆ ಎಂದು ಹಲವು ದೇಶಗಳ ಪ್ರಯೋಗಗಳು ತೋರಿಸಿವೆ. ಯಂತ್ರಕ್ಕೆ ಲಕ್ಷ ಬೇಕು, ಅತ್ತಿಗೆಗೆ ಒಂದು ಸ್ಟೂಲ್ ಸಾಕು. ಹೆರಿಗೆ ಕೋಣೆಯಲ್ಲಿ ಜೊತೆಗಾತಿಗೆ ಅವಕಾಶ ಕೊಡಿ ಎಂದು 2016ರಲ್ಲೇ ಕೇಂದ್ರ ಸರ್ಕಾರ ಹೇಳಿದ್ದರೂ, ಎಷ್ಟೋ ಕಡೆ ಅತ್ತೆ, ಅತ್ತಿಗೆ, ಅಮ್ಮ ಎಲ್ಲರೂ ಇನ್ನೂ ಕಾರಿಡಾರಿನಲ್ಲೇ ಕೂತಿರುತ್ತಾರೆ.

ಮೊದಲನೆಯದು ಸಿಸೇರಿಯನ್ ಆಯಿತು ಎನ್ನೋಣ. ಎರಡನೆಯದಕ್ಕೆ? ಅಡ್ಡ ಗೀರಿನ ಒಂದು ಹೊಲಿಗೆ ಇದ್ದವರು ಸಹಜ ಹೆರಿಗೆಗೆ ಪ್ರಯತ್ನಿಸಿದರೆ ನೂರಕ್ಕೆ 60ರಿಂದ 80 ಮಂದಿಗೆ ಆಗುತ್ತದೆ. ಆದರೆ 200ರಲ್ಲಿ ಒಬ್ಬರಿಗೆ ಹಳೆಯ ಹೊಲಿಗೆ ಬಿಚ್ಚುವ ಅಪಾಯ ಇರುತ್ತದೆ; ಆದ್ದರಿಂದ ಥಿಯೇಟರ್ ಸಿದ್ಧವಿಲ್ಲದ ಕಡೆ ಯಾರೂ ಆ ಸಾಹಸಕ್ಕೆ ಕೈ ಹಾಕಬಾರದು. ಮತ್ತೆ ಮತ್ತೆ ಕೊಯ್ದರೆ ಇನ್ನೊಂದು ಗಂಡಾಂತರ. ಮುಂದಿನ ಬಸಿರಿನಲ್ಲಿ ಮಾಸು ಹಳೆಯ ಗಾಯದ ಮೇಲೆ ಬೇರು ಬಿಟ್ಟು, ಹೆರಿಗೆಯ ನಂತರ ಬಿಟ್ಟುಕೊಳ್ಳುವುದೇ ಇಲ್ಲ. ರಕ್ತ ಹರಿದು ಗರ್ಭಕೋಶವನ್ನೇ ತೆಗೆಯಬೇಕಾಗುತ್ತದೆ. 2006ರ ಅಮೆರಿಕದ ದೊಡ್ಡ ಅಧ್ಯಯನದಲ್ಲಿ, ಮಾಸು ಕೆಳಗೆ ಕೂತಿದ್ದು ಹಿಂದೆ ಒಂದು ಸಿಸೇರಿಯನ್ ಆಗಿದ್ದವರಲ್ಲಿ ಶೇ 11 ಮಂದಿಗೆ ಮಾಸು ಹೀಗೆ ಬೇರು ಬಿಟ್ಟಿತ್ತು. ಎರಡು ಆಗಿದ್ದವರಲ್ಲಿ ಶೇ 40.

ನಮ್ಮಲ್ಲಿ ಇದಕ್ಕೊಂದು ಉತ್ತರ ಸಿದ್ಧವಿದೆ: ‘ಎರಡನೇದಕ್ಕೂ ಆಪರೇಷನ್, ಜೊತೆಗೇ ಟ್ಯೂಬೆಕ್ಟಮಿ, ಮುಗೀತಲ್ಲ.’ 2019–21ರ ಅದೇ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಹೆಂಗಸೊಬ್ಬಳಿಗೆ ಸರಾಸರಿ 1.7 ಮಕ್ಕಳು. ಮೂರನೇ ಬಸಿರೇ ಇಲ್ಲದಿದ್ದ ಮೇಲೆ ಮಾಸು ಬೇರು ಬಿಡುವ ಅಪಾಯ, ಐದಾರು ಹೆರುವ ದೇಶಗಳಿಗಿಂತ ಇಲ್ಲಿ ಕಡಿಮೆ ಎಂಬುದು ನಿಜ. ಈ ವಾದದಲ್ಲಿ ಹುರುಳಿದೆ, ಒಪ್ಪುತ್ತೇನೆ. ಆದರೆ ಎರಡನೇ ಬಸಿರಿನಲ್ಲಿಯೇ ಆ ಅಪಾಯ ಶುರುವಾಗಿರುತ್ತದೆ. ಜೊತೆಗೆ ಮದ್ದು ಸಿಂಪಡಿಸಿ, ಆಲೂಗೆಡ್ಡೆ ಬಗೆದು, ಶುಂಠಿ ಹೊಲದಲ್ಲಿ ಬಗ್ಗಿ ದುಡಿಯುವವಳಿಗೆ ಹೊಟ್ಟೆಯ ಹೊಲಿಗೆಯಿಂದಾಗುವ ಕೂಲಿ ನಷ್ಟವನ್ನು ಯಾವ ಸಮೀಕ್ಷೆಯ ಕಾಲಂನಲ್ಲೂ ಬರೆಯುವುದಿಲ್ಲ.

ಚೊಚ್ಚಲು ಹೆರಿಗೆ ತವರಿನಲ್ಲಿ ಎಂಬ ನಮ್ಮ ಪದ್ಧತಿಯಿಂದ ಇನ್ನೊಂದು ತೊಡಕೂ ಇದೆ. ಬಸುರಿಯನ್ನು ತಿಂಗಳು ತಿಂಗಳು ನೋಡಿದ ಡಾಕ್ಟರು ಬೆಂಗಳೂರಿನಲ್ಲಿ, ಹೆರಿಗೆ ಮಾಡಿಸುವವರು ಹಾಸನದಲ್ಲಿ, ಎರಡನೆಯದಕ್ಕೆ ಇನ್ನೆಲ್ಲೋ. ಇವರನ್ನು ಒಬ್ಬರಿಗೊಬ್ಬರು ಪರಿಚಯಿಸುವುದು ತಾಯಿ ಕಾರ್ಡ್ ಮತ್ತು ಡಿಸ್ಚಾರ್ಜ್ ಚೀಟಿ ಮಾತ್ರ. ಹಾಗಾಗಿ ಆಸ್ಪತ್ರೆ ಸೇರುವಾಗಲೇ ಕೇಳಿಕೊಳ್ಳಿ: ರಾತ್ರಿ ಅರಿವಳಿಕೆ ವೈದ್ಯರು ಸಿಗುತ್ತಾರೆಯೇ, ಜೊತೆಯಲ್ಲಿ ಒಬ್ಬರನ್ನು ಒಳಗೆ ಬಿಡುತ್ತೀರಾ? ಆಪರೇಷನ್ ಬೇಕೆಂದರೆ ತಾಯಿಗೆ ತೊಂದರೆಯೋ ಮಗುವಿಗೋ, ಇನ್ನೆರಡು ಗಂಟೆ ಕಾಯಬಹುದೇ ಎಂದು ಕೇಳಿ. ತುರ್ತು ಎಂದರೆ ವಾದ ಮಾಡದೆ ಸಹಿ ಹಾಕಿ. ಮನೆಗೆ ಬರುವ ಮುನ್ನ ಡಿಸ್ಚಾರ್ಜ್ ಚೀಟಿಯಲ್ಲಿ ಆಪರೇಷನ್ ಏಕೆ ಮಾಡಿದರು ಮತ್ತು ಗರ್ಭಕೋಶವನ್ನು ಅಡ್ಡ ಕೊಯ್ದರೋ ಉದ್ದ ಕೊಯ್ದರೋ ಎಂದು ಬರೆಸಿಕೊಳ್ಳಿ. ಆ ಚೀಟಿಯನ್ನು ಮಗುವಿನ ಜನನ ಪ್ರಮಾಣಪತ್ರದ ಜೊತೆಯಲ್ಲಿಡಿ.